ತೂಕಕ್ಕೆ ಕಡಿಮೆ ಬಿದ್ದ ಗುರುಗಳು

ಚಳಿಗಾಲ ಇನ್ನೇನು ಮುಗಿಯುತ್ತಾ ಬಂದಿತ್ತು. ಆದರೂ ಸ್ವೆಟರು ತೆಗೆದಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅಂಥ ಒಂದು ದಿನ ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆ ಮಾವನವರನ್ನು ಕಣ್ಣಾಸ್ಪತ್ರೆಯಿಂದ ಮನೆಗೆ ಕರೆತಂದರು. ಅವರ ಎಡಗಣ್ಣು ಮೊದಲಿನಿಂದಲೂ ನಾಮಕಾವಸ್ತೆಗೆ ಇದ್ದದ್ದು. ಕೆಲಸ ಮಾಡುತ್ತಿದ್ದದ್ದು ಬಲಗಣ್ಣು. ಅದಕ್ಕೇ ಆಪರೇಷನ್ ಆಗಿ, ಅಂಗೈಯಗಲದ ಪಟ್ಟಿ ಬಿದ್ದಿತ್ತು. ಅಂದರೆ ಪಟ್ಟಿ ಬಿಚ್ಚುವ ತನಕ ಮಾವನವರಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ.

ಡಾಕ್ಟರು ಬಾಗಿಲವರೆಗೂ ಬಂದು ಹೇಳಿ ಕಳಿಸಿದ್ದರು. ಬಗ್ಗಬಾರದು, ಸೀನಬಾರದು, ಭಾರ ಎತ್ತಬಾರದು, ಎಲ್ಲಕ್ಕಿಂತ ಮುಖ್ಯ, ಅಳಬಾರದು. ಅತ್ತರೆ ಹೊಲಿಗೆ ಕೆಟ್ಟುಹೋಗುತ್ತದೆ.

"ಅಳೋ ಆಸಾಮಿ ಅಲ್ಲ ನಾನು," ಅಂದಿದ್ದರು ಮಾವನವರು. "ಬೇರೆಯವರನ್ನ ಅಳಿಸಿ ರಿಟೈರಾದೋನು."

ಅದೇನೂ ಜಂಬದ ಮಾತಲ್ಲ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಮಾರುಕಟ್ಟೆಯ ಈ ತುದಿಯಲ್ಲಿ ಅವರ ಟೋಪಿ ಕಂಡರೆ ಆ ತುದಿಯಲ್ಲಿ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವಂತೆ. ನಿವೃತ್ತಿಯಾದ ಮೇಲೆ ಮಾರುಕಟ್ಟೆ ಕೈಬಿಟ್ಟು ಹೋಯಿತು, ಮನೆಯೊಂದು ಉಳಿಯಿತು. ಮನೆಯಲ್ಲಿ ಅವರಿಗೆ ತೂಕಕ್ಕೆ ಕಡಿಮೆ ಕಂಡ ಸಾಮಾನು ಒಂದೇ. ಅದು ಅಳಿಯ.

ಅಳಿಯ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ ಅಂತ ಕೂಗುವವನು. "ಪ್ರಯಾಣಿಕರ ಗಮನಕ್ಕೆ" ಅಂತ ಹೇಳಿ ಹೇಳಿ, ಬೀದಿಯವರೆಲ್ಲ ಅವನನ್ನು "ಗಮನಕ್ಕೆ" ಅಂತಲೇ ಕರೆಯುತ್ತಿದ್ದರು. ಕೈಗೆ ಬಂದ ಚೀಟಿಯಲ್ಲಿ ಇದ್ದದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಿದವನಲ್ಲ. ಅಂಥವನು ಮದುವೆಗೆ ಮುಂಚೆ ಮಾವನವರನ್ನು ಮೊದಲ ಸಲ ಕಾಣಲು ಹೊರಟ ದಿನ, ತಾನೇ ಕೂಗಿದ ಬಸ್ಸನ್ನು ಬಿಟ್ಟು ಪಕ್ಕದ ಬಸ್ಸು ಹತ್ತಿ ಇನ್ಯಾವುದೋ ಊರು ಸೇರಿ, ಮಾರನೇ ದಿನ ಬಂದು ಬಾಗಿಲು ತಟ್ಟಿದ್ದ. "ಜಗತ್ತಿಗೆಲ್ಲ ಬಸ್ಸು ತೋರಿಸೋನು ಇವನೇನಾ?" ಅಂತ ಕೇಳಿದ ಮಾವನವರು ಅವತ್ತಿನಿಂದ ಅವನ ಜೊತೆ ನೇರವಾಗಿ ಮಾತಾಡಿರಲಿಲ್ಲ. ಏನಿದ್ದರೂ ಮಗಳ ಮೂಲಕ. ಒಂದೇ ಮೇಜಿಗೆ ಎದುರುಬದುರು ಕೂತು, "ಉಪ್ಪು ಈ ಕಡೆ ತಳ್ಳೋಕೆ ನಿನ್ನ ಗಂಡನಿಗೆ ಹೇಳಮ್ಮ" ಅನ್ನುವರು. ಅವಳು "ರೀ, ಉಪ್ಪು" ಅನ್ನುವಳು. ಅಳಿಯ ಉಪ್ಪು ತಳ್ಳುವನು. ಮಗಳು ಮನೆಯಲ್ಲಿ ಇಲ್ಲದಿದ್ದರೆ ಗೋಡೆಗೆ ಹೇಳುವರು. ಆ ಗೋಡೆ ಇಷ್ಟು ವರ್ಷದಲ್ಲಿ ಎಷ್ಟು ಮಾತು ಕೇಳಿಸಿಕೊಂಡಿತೋ, ಪಾಪ, ಅದಕ್ಕೇ ಗೊತ್ತು.

ಕಣ್ಣಿಗೆ ಪಟ್ಟಿ ಬಿದ್ದದ್ದೇ ಈ ಏರ್ಪಾಡು ಕುಸಿದುಬಿತ್ತು.

"ಕಿಟಕಿ ಹಾಕೋಕೆ ನಿನ್ನ ಗಂಡನಿಗೆ ಹೇಳಮ್ಮ," ಅಂದರು ಮಾವನವರು ಮಂಚದ ಮೇಲಿಂದ.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಆಗಲೇ ಡ್ಯೂಟಿಗೆ ಹೋಗಿಯಾಗಿತ್ತು. ಅಳಿಯ ಒಬ್ಬನೇ ಬಾಗಿಲ ಬಳಿ ನಿಂತಿದ್ದ. ಹೇಳಿದ್ದು ತನಗಲ್ಲ, ಆದರೆ ಹಾಕಬೇಕಾದವನು ತಾನು. ಇದು ಯಾವ ಚೀಟಿಯಲ್ಲೂ ಇಲ್ಲದ ಸಮಸ್ಯೆ. ಮೆಲ್ಲಗೆ ಹೋಗಿ ಹಾಕಿದ.

"ಯಾರದು ಹಾಕಿದ್ದು?"

"ನಾನು."

"ನಾನು ಅಂದ್ರೆ?"

"ಪ್ರಯಾಣಿಕರ... ಅಲ್ಲ, ನಾನು ಮಾವ. ಅಳಿಯ."

ಮಾವನವರು ಗೋಡೆ ಯಾವ ಕಡೆಗಿದೆ ಅಂತ ತಲೆ ಆ ಕಡೆ ಈ ಕಡೆ ತಿರುಗಿಸಿದರು. ಸಿಗಲಿಲ್ಲ. ಕೊನೆಗೆ, "ಪೂರ್ತಿ ಹಾಕಬೇಡಿ, ಉಸಿರು ಕಟ್ಟತ್ತೆ," ಅಂದರು.

ರಾತ್ರಿ ಹೆಂಡತಿ ಚಪ್ಪಲಿ ಬಿಡುವ ಮೊದಲೇ ಅಳಿಯ ಓಡಿಬಂದ. "ನಿಮ್ಮಪ್ಪ ನನ್ನ ಹತ್ರ ಮಾತಾಡಿದ್ರು ಕಣೇ!"

"ಏನಂದ್ರು?"

"ಉಸಿರು ಕಟ್ಟತ್ತೆ ಅಂದ್ರು!"

"ಅದಕ್ಕೆ ಇಷ್ಟು ಸಂತೋಷನಾ?" ಅಂದಳು ಅವಳು. ಆದರೆ ಅವಳಿಗೂ ಗೊತ್ತಿತ್ತು, ಅದು ಸಣ್ಣ ಸಂಗತಿಯಲ್ಲ ಅಂತ.

ಈಗ ಮಂಚದಲ್ಲಿ ಬಿದ್ದ ಮನುಷ್ಯನಿಗೆ ಹೊತ್ತು ಕಳೆಯಬೇಕಲ್ಲ. ಪೇಪರು ಓದಿ ಹೇಳಿದರೆ ಸರಕಾರವನ್ನು ಬೈಯಲು ಎದ್ದು ಕೂರುವರು. ರೇಡಿಯೋ ಹಾಕಿದರೆ ಹಾಡಿನವಳು ತಾಳಕ್ಕೆ ಮೋಸ ಮಾಡುತ್ತಿದ್ದಾಳೆ ಅನ್ನುವರು. ಅಳಿಯನಿಗೆ ಬೆಳಗಿನ ಪಾಳಿ, ಮಧ್ಯಾಹ್ನಕ್ಕೆಲ್ಲ ಮನೆ. ಬೀರುವಿನ ಮೇಲೆ ಮೊಮ್ಮಗಳು, ಅಂದರೆ ಮಾವನವರ ಮಗನ ಮಗಳು, ಬಿಟ್ಟುಹೋದ ಪುಸ್ತಕಗಳಿದ್ದವು. ಅವಳು ಬೇರೆ ಊರಿನಲ್ಲಿ ಕಾಲೇಜು ಓದುವವಳು. ಅವು ಚಿತ್ರಕಥೆಯ ಪುಸ್ತಕಗಳು, ಎಲ್ಲೋ ದೂರದೇಶದವು, ನಮ್ಮ ಭಾಷೆಗೆ ತಂದದ್ದು. ಅದನ್ನು ಕಾಮಿಕ್ಸ್ ಅಂದರೆ ಹುಡುಗಿ ಸಿಟ್ಟಾಗುತ್ತಿದ್ದಳು. "ಅದು ಮಾಂಗಾ. ಅದನ್ನೇ ಟೀವಿಗೆ ಮಾಡಿದ್ರೆ ಆನಿಮೆ. ಕಾರ್ಟೂನು ಅಂದ್ರೆ ನಾನು ಊಟ ಮಾಡಲ್ಲ." ಅಳಿಯ ಅದನ್ನೇ ಇಳಿಸಿಕೊಂಡು ಓದಲು ಕೂತ.

ಮೊದಲ ಸಂಪುಟವನ್ನು ನಮ್ಮ ಪುಸ್ತಕದ ಹಾಗೆ ಎಡದಿಂದ ಬಲಕ್ಕೆ ಓದಿ ಮುಗಿಸಿದ. ಮುಗಿಸಿದ ಜಾಗದಲ್ಲಿ "ಓದುಗರೇ, ಪುಸ್ತಕ ಇಲ್ಲಿಂದ ಶುರುವಾಗುತ್ತದೆ" ಅಂತ ಬರೆದಿತ್ತು. ಚೀಟಿಯಲ್ಲಿದ್ದದ್ದನ್ನು ಬಿಡುವವನಲ್ಲವಲ್ಲ, ಅದನ್ನೂ ಓದಿದ.

"ಅದಕ್ಕೇ ಮತ್ತೆ," ಅಂದರು ಮಾವನವರು, "ಹುಡುಗ ಮೊದಲು ಗೆದ್ದು ಆಮೇಲೆ ಜಗಳ ತೆಗೆದ. ನಾನು ಕೇಳಬೇಕು ಅಂತಲೇ ಇದ್ದೆ."

ಎರಡನೆಯದರಿಂದ ಓದು ಹಳಿಗೆ ಬಂತು. ಕತೆ ಇಷ್ಟೇ. ಉದ್ದ ಕೂದಲಿನ ಒಬ್ಬ ಹುಡುಗ ಕಳೆದುಹೋದ ಖಡ್ಗ ಹುಡುಕಿಕೊಂಡು ರಾಕ್ಷಸರ ನಾಡಿಗೆ ಹೊರಡುತ್ತಾನೆ. ಜೊತೆಗೊಬ್ಬ ಮುದಿ ಗುರು. ಅಳಿಯನಿಗೆ ಗೊತ್ತಿದ್ದ ದನಿ ಒಂದೇ, ಅದರಲ್ಲೇ ಎಲ್ಲರನ್ನೂ ಓದಿದ.

"ಗಮನಿಸಿ. ಹುಡುಗನು ಸೇತುವೆಯ ಎಡಬದಿಯಿಂದ ಹೊರಡಲು ಸಿದ್ಧನಾಗಿದ್ದಾನೆ. ರಾಕ್ಷಸನು ಕೆಲವೇ ಕ್ಷಣಗಳಲ್ಲಿ ಆಗಮಿಸಲಿದ್ದಾನೆ."

"ಭೇಷ್! ಗೊಂದಲ ಇಲ್ಲ," ಅಂದರು ಮಾವನವರು. "ಖಡ್ಗ ಎಷ್ಟು ಉದ್ದ?"

"ಹುಡುಗನಿಗಿಂತ ಒಂದು ಗೇಣು ಉದ್ದ ಮಾವ."

"ಎತ್ತಕ್ಕಾಗಲ್ಲ. ಮುಂದಕ್ಕೆ ಓದಿ ಅಳಿಯಂದಿರೇ."

ಅಳಿಯಂದಿರೇ! ಪುಸ್ತಕ ಅಳಿಯನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ರಾಕ್ಷಸ ಬಿದ್ದನೇನೋ ಅಂದುಕೊಂಡರು ಮಾವನವರು.

ಎಲ್ಲ ಚೆನ್ನಾಗಿ ನಡೆಯುತ್ತಿತ್ತು, ಮೂರನೇ ಸಂಪುಟ ಬರುವ ತನಕ. ಆ ಗುರುಗಳೆಂದರೆ ಮಾವನವರಿಗೆ ಪಂಚಪ್ರಾಣವಾಗಿಬಿಟ್ಟಿದ್ದರು. ಯಾರನ್ನೂ ಹೊಗಳದ ಮನುಷ್ಯ. ಶಿಷ್ಯನ ಮುಖ ನೋಡದೆ ಮರಕ್ಕೋ ಬಂಡೆಗೋ ಪಾಠ ಹೇಳುವ ಮನುಷ್ಯ. "ಮೇಷ್ಟ್ರು ಅಂದ್ರೆ ಹಾಗಿರಬೇಕು," ಅನ್ನುತ್ತಿದ್ದರು. ಮೂರನೇ ಸಂಪುಟದ ನಡುವಿನಲ್ಲಿ, ಸೇತುವೆಯ ಮೇಲೆ, ಗುರುಗಳಿಗೆ ಎದೆಗೇ ಏಟು ಬಿತ್ತು. ಅಳಿಯ ಪುಟ ಮಗುಚಿದ. ಎರಡು ಪುಟದಗಲ ಒಂದೇ ಚಿತ್ರ. ಗುರುಗಳು ಸತ್ತು ಮಲಗಿದ್ದಾರೆ.

"ಯಾಕೆ ನಿಲ್ಲಿಸಿದ್ರಿ?" ಅಂದರು ಮಾವನವರು. ಪಟ್ಟಿಯ ಕೆಳಗೆ ಕೆನ್ನೆ ಅದುರುತ್ತಿತ್ತು. "ಗುರುಗಳಿಗೆ ಏನಾಯ್ತು?"

ಹೊಲಿಗೆ! ಅಳಿಯನಿಗೆ ಮೈಯೆಲ್ಲ ಬೆವರಿತು. ಹುಟ್ಟಿದಾಗಿನಿಂದ ಚೀಟಿ ಬಿಟ್ಟು ಮಾತಾಡದವನು ಅವತ್ತು ಬಾಯಿ ಬಿಟ್ಟ.

"ಗಮನಿಸಿ. ಗುರುಗಳು... ಎದ್ದು ಬಟ್ಟೆ ಕೊಡವಿಕೊಂಡರು."

"ಎದ್ದರಾ? ಎದೆಗೆ ಏಟು ಬಿತ್ತಲ್ರೀ!"

"ಒಳಗೆ... ತಕ್ಕಡಿ ತಟ್ಟೆ ಇಟ್ಟುಕೊಂಡಿದ್ರು ಮಾವ. ಕಬ್ಬಿಣದ್ದು."

ಮಾವನವರು ದಿಂಬಿಗೊರಗಿ ಉಸಿರು ಬಿಟ್ಟರು. "ಮೊದಲೇ ಅಂದುಕೊಂಡೆ. ಅನುಭವಸ್ಥರು!"

ಒಂದು ಸಲ ಬದುಕಿಸಿದ ಮೇಲೆ ಆ ಮನುಷ್ಯನನ್ನು ಸಾಕುವುದೂ ಬದುಕಿಸಿದವನ ಕರ್ಮವೇ. ಮುಂದಿನ ಪುಟಗಳಲ್ಲಿ ಜನ ಗೋಳಾಡುತ್ತಿದ್ದರು. "ಎಲ್ಲರಿಗೂ ನೆಗಡಿ," ಅಂದ ಅಳಿಯ. ಸಮಾಧಿ ಕಟ್ಟಿದ್ದರು. "ಗುರುಗಳು ಮೈಲಿಗಲ್ಲು ನೆಡಿಸುತ್ತಿದ್ದಾರೆ," ಅಂದ. ನಾಲ್ಕನೆಯ ಸಂಪುಟಕ್ಕೆ ಬರುವಷ್ಟರಲ್ಲಿ ಅವನಿಗೆ ಕೈ ಕುದುರಿಬಿಟ್ಟಿತ್ತು. ಗುರುಗಳು ರಾಕ್ಷಸರ ಊರಿನ ಸಂತೆಗೆ ನುಗ್ಗಿ ಅಂಗಡಿ ಅಂಗಡಿ ತಪಾಸಣೆ ಮಾಡತೊಡಗಿದರು. ಸುಳ್ಳು ತಳದ ಸೇರು ಹಿಡಿದ ರಾಕ್ಷಸನೊಬ್ಬನನ್ನು ಎಲ್ಲರೆದುರು ಕಿವಿ ಹಿಂಡಿ ಎಳೆದು ತಂದರು. ಮಾವನವರು ಹಾಸಿಗೆ ತಟ್ಟಿ ತಟ್ಟಿ, "ಬರೆದೋನು ನಮ್ಮ ಇಲಾಖೆಯೋನೇ ಇರಬೇಕು!" ಅಂದರು. ಪುಸ್ತಕ ಅಳಿಯನ ತೊಡೆಯ ಮೇಲೆ ತೆರೆದಿರುತ್ತಿತ್ತು, ನಿಜ. ಪುಟವನ್ನೂ ಆಗಾಗ ಮಗುಚುತ್ತಿದ್ದ, ಸದ್ದಿಗೆ.

ಆ ಹೊತ್ತಿಗೆ ಸರಿಯಾಗಿ ಅದೇ ಕತೆ ಟೀವಿಯಲ್ಲಿ ಶುರುವಾಯಿತು. ದಿನಾ ಸಂಜೆ ಆರಕ್ಕೆ.

ಇವರ ಮನೆಯಲ್ಲಿ ಟೀವಿ ಕೆಟ್ಟು ಕೂತಿತ್ತು. ಆದರೆ ಎದುರು ಬಾಗಿಲಿನಲ್ಲಿ ನಿವೃತ್ತ ವಕೀಲರೊಬ್ಬರಿದ್ದರು, ಕಿವಿ ಮುಕ್ಕಾಲು ಹೋಗಿತ್ತು. ಅವರ ಟೀವಿಯ ಸದ್ದಿಗೆ ಮೂರು ಮಹಡಿಯ ಕಿಟಕಿ ಗಾಜು ನಡುಗುತ್ತಿದ್ದವು. ಹಾಗಾಗಿ ಆ ಆನಿಮೆಯನ್ನು ವಕೀಲರು ನೋಡುತ್ತಿದ್ದರು, ಮಾವನವರು ಕೇಳುತ್ತಿದ್ದರು. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಪ್ರೇಕ್ಷಕ. ಆದರೆ ಸೇರುವುದು ಅವರ ಸ್ವಭಾವದಲ್ಲಿರಲಿಲ್ಲ.

ಮೊದಲ ವಾರದಲ್ಲೇ ಮಾವನವರಿಗೆ ಅನುಮಾನ ಬಂತು. "ಒಂದೇ ಏಟನ್ನ ಮೂರು ದಿನದಿಂದ ಹೊಡೀತಿದಾನೆ. ನಮ್ಮ ಪುಸ್ತಕದಲ್ಲಿ ಅರ್ಧ ಪುಟ. ನೀರು ಬೆರೆಸ್ತಿದಾರೆ ಅಳಿಯಂದಿರೇ!"

ಆಮೇಲೊಂದು ಸಂಜೆ ಎದುರು ಮನೆಯಿಂದ ಹುಡುಗನ ದನಿ ಚೀರಿತು. "ಗುರುಗಳೇ! ಕಣ್ಣು ಬಿಡಿ ಗುರುಗಳೇ!" ಹಿಂದೆಯೇ ಪಿಟೀಲು. ಅಳಿಯ ಕಿಟಕಿ ಹಾಕಲು ಓಡಿದ.

"ಬಿಡಿ, ಬಿಡಿ," ಅಂದರು ಮಾವನವರು ನಗುತ್ತಾ. "ತಟ್ಟೆ ಇದೆಯಲ್ಲ. ಈಗ ಏಳ್ತಾರೆ."

ಏಳಲಿಲ್ಲ. ಸೋಪಿನ ಜಾಹೀರಾತು ಬಂತು. ಮಾರನೇ ದಿನವೂ ಏಳಲಿಲ್ಲ. ಅದರ ಮಾರನೇ ದಿನ ಮಾವನವರು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ಕೂಗಿದರು.

"ವಕೀಲರೇ! ನಿಮ್ಮ ಟೀವಿಯೋರು ಗುರುಗಳನ್ನ ಎಲ್ಲಿಟ್ಟಿದ್ದಾರೆ?"

ವಕೀಲರಿಗೆ ಮೂರನೇ ಸಲಕ್ಕೆ ಕೇಳಿಸಿತು. "ಹೂತ್ರು! ಕಣ್ಣಾರೆ ನೋಡಿದೀನಿ!"

"ಯಾಕೆ ಹೂತ್ರು?"

"ಅದನ್ನ ಏನೋ ಹೇಳಿದ್ರು, ನನಗೆ ಕೇಳಿಸಲಿಲ್ಲ!"

"ನೋಡಿದ್ರಾ! ಕಾರಣ ಕೊಡದೆ ಹೂತಿದಾರೆ!"

"ಹುಡುಗನ ನೀಲಿ ಕೂದಲೆಲ್ಲ ಮಣ್ಣಾಗಿತ್ತು ಪಾಪ!"

"ಯಾರ ನೀಲಿ ಕೂದಲು? ಕಪ್ಪು ಕೂದಲು! ಪುಸ್ತಕದಲ್ಲಿ ಕಪ್ಪು! ನಮ್ಮ ಅಳಿಯಂದಿರು ಓದಿದಾರೆ!"

"ಕಣ್ಣಿಗೆ ಪಟ್ಟಿ ಕಟ್ಟಿಕೊಂಡೋರು ನನಗೆ ಬಣ್ಣ ಹೇಳ್ತೀರಾ?"

ಮೆಟ್ಟಿಲ ಮೇಲೆ ಜನ ಸೇರಿದರು. ಅಳಿಯ ಮಾವನವರನ್ನು ಒಳಗೆ ಕರೆತರುವಷ್ಟರಲ್ಲಿ ಬೆವರಿಳಿದಿತ್ತು. ಆಗಲೇ ನಿಜ ಹೇಳಿಬಿಡಬಹುದಿತ್ತು. ಆದರೆ ಹೇಳಿದ ಗಳಿಗೆಗೆ ಅಳಿಯಂದಿರು ಹೋಗಿ ಮತ್ತೆ "ನಿನ್ನ ಗಂಡನಿಗೆ ಹೇಳಮ್ಮ" ಬರುತ್ತದೆ. ಇಷ್ಟು ವರ್ಷಕ್ಕೆ ಬಂದದ್ದನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲು ಅವನಿಂದ ಆಗಲಿಲ್ಲ. ಸುಮ್ಮನಿದ್ದ.

ಸುಮ್ಮನಿರುವವನು ಮಾವನವರಲ್ಲ. ಮಗಳ ಫೋನು ಇಸಿದುಕೊಂಡು ಟೀವಿಯವರ ಆಫೀಸಿಗೇ ಹಚ್ಚಿಸಿದರು.

"ನಿಮ್ಮ ದೂರು ಚಿತ್ರದ್ದಾ ಸರ್, ಧ್ವನಿಯದ್ದಾ?" ಅಂತು ಆ ಕಡೆಯ ಹೆಣ್ಣುದನಿ.

"ತೂಕದ್ದು."

"ಸರ್?"

"ಒಬ್ಬ ಮನುಷ್ಯ ಕಡಿಮೆ ಬಿದ್ದಿದ್ದಾನೆ. ಮೂಲದಲ್ಲಿ ಇದ್ದಾನೆ, ನಿಮ್ಮಲ್ಲಿ ಇಲ್ಲ. ಹಾಲಿನಲ್ಲಿ ಹೀಗೆ ಮಾಡಿದ್ದರೆ ಅಂಗಡಿಗೆ ಬೀಗ ಜಡೀತಿದ್ದೆ."

"ಯಾರಾದರೂ ಕಾಣೆಯಾಗಿದ್ದರೆ ಪೊಲೀಸರಿಗೆ ತಿಳಿಸಿ ಸರ್," ಅಂದು ಆ ಹುಡುಗಿ ಫೋನಿಟ್ಟಳು.

ಸುದ್ದಿ ಬೀದಿಯ ವಾಚನಾಲಯದ ಮೇಡಂ ಕಿವಿಗೆ ಬಿತ್ತು. ಅವರ ವಾಚನಾಲಯಕ್ಕೆ ಜನ ಬರುತ್ತಿದ್ದದ್ದು ಫ್ಯಾನಿನ ಗಾಳಿಗೆ. ಇಂಥ ಅವಕಾಶ ಬಿಡುತ್ತಾರೆಯೇ? ಬರುವ ಭಾನುವಾರ ಚರ್ಚೆ ಇಟ್ಟೇಬಿಟ್ಟರು. "ಮಾಂಗಾ ಮೇಲೋ, ಆನಿಮೆ ಮೇಲೋ." ಪುಸ್ತಕದ ಪರ ಮಾವನವರು, ಪರದೆಯ ಪರ ವಕೀಲರು. ಕಣ್ಣಿಲ್ಲದ ಕಡೆಯವರಿಗೆ ಪುಸ್ತಕ, ಕಿವಿಯಿಲ್ಲದ ಕಡೆಯವರಿಗೆ ಟೀವಿ. ಹಂಚಿಕೆ ಸರಿಯಾಗಿಯೇ ಇತ್ತು.

ಶನಿವಾರ ಮೊಮ್ಮಗಳು ರಜೆಗೆ ಬಂದಿಳಿದಳು. ತಾತ ತನ್ನ ಪುಸ್ತಕದ ಪರ ಮಾತಾಡುತ್ತಾರೆ ಅಂತ ಕೇಳಿ ಕುಣಿದಾಡಿದಳು. ತಾತನ ಭಾಷಣದ ತಾಲೀಮು ಕೇಳುತ್ತಾ ಕೇಳುತ್ತಾ ಕುಣಿತ ನಿಂತಿತು. ಸೀದಾ ಅಡುಗೆಮನೆಗೆ ಬಂದು ಬಾಗಿಲು ಹಾಕಿದಳು. ಅಳಿಯ ಪಾತ್ರೆ ತೊಳೆಯುತ್ತಿದ್ದ. ಸೋದರತ್ತೆಯ ಗಂಡನಾದ್ದರಿಂದ ಅವಳಿಗೆ ಅವನೇ ಮಾವ.

"ಮಾವ. ಸಂತೆ ಎಲ್ಲಿಂದ ಬಂತು?"

"ಯಾವ ಸಂತೆ?"

"ಗುರುಗಳು ಸೇತುವೆ ಮೇಲೆ ಸತ್ತಿದ್ದಾರೆ ಮಾವ! ಅವರು ಸತ್ತದ್ದಕ್ಕೇ ಹುಡುಗ ವೀರನಾಗಿದ್ದು! ಅದನ್ನ ಬರೆದೋರು ವರ್ಷಗಟ್ಟಲೆ ಕೂತು ಬರೆದಿದ್ದಾರೆ. ನೀವು ಎದ್ದು ಬಟ್ಟೆ ಕೊಡವಿಕೊಂಡ್ರು ಅಂದ್ಬಿಟ್ರಾ?"

"ಡಾಕ್ಟರು ಅಳಬಾರದು ಅಂದಿದ್ರು ಪುಟ್ಟಿ."

"ಟೀವಿಯೋರು ಕೂದಲಿಗೆ ನೀಲಿ ಬಳಿದ್ರು ಅಂತ ನಾನು ಅವರ ಮುಖ ನೋಡೋದು ಬಿಟ್ಟೆ. ನೀವು ನಮ್ಮನೆ ಒಳಗೇ ಕೂತು ಇಂಥ ಕೆಲಸ ಮಾಡಿದೀರಲ್ಲ! ಅವರಾದ್ರೂ ಗುರುಗಳನ್ನ ಸರಿಯಾಗಿ ಸಾಯಿಸಿದ್ದಾರೆ!"

"ಹೇಳಬೇಡ ಕಣಮ್ಮ."

"ನಾನಾಗಿ ಹೇಳಲ್ಲ. ಆದ್ರೆ ಯಾರಾದ್ರೂ ಕೇಳಿದ್ರೆ ಮೂಲಕ್ಕೆ ದ್ರೋಹ ಮಾಡಲ್ಲ."

ಅಷ್ಟರಲ್ಲಿ ನಡುಮನೆಯಿಂದ ಮಾವನವರ ದನಿ. "ಅಳಿಯಂದಿರೇ! ಆ ಸುಳ್ಳು ತಳದ ಸೇರಿನ ಭಾಗ ಇನ್ನೊಂದು ಸಲ ಓದಿ!" ಅಳಿಯ ಸೋಪುಗೈಯಲ್ಲೇ ಎದ್ದು ಹೋದ. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಅಳಿಯ ಪುಸ್ತಕವನ್ನು ತಲೆಕೆಳಗು ಹಿಡಿದಿದ್ದ.

ಭಾನುವಾರ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಹುಡುಗ ಹು‌ಡುಗಿಯರು, ಕೆಲವರು ಕೂದಲಿಗೆ ನೀಲಿ ಬಣ್ಣ ಹಚ್ಚಿಕೊಂಡೇ ಬಂದಿದ್ದರು. ಹಿಂದೆ ಕಟ್ಟಡದ ನೆರೆಹೊರೆಯವರೆಲ್ಲ. ಅಳಿಯ ಹೆಂಡತಿಯ ಪಕ್ಕ ಕೂತ. ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ವಕೀಲರು ಬಣ್ಣ ಹೊಗಳಿದರು, ಓಟ ಹೊಗಳಿದರು, ಖಡ್ಗ ತಿರುಗಿಸುವುದನ್ನು ಕೈಯಲ್ಲೇ ಮಾಡಿ ತೋರಿಸಿ ಮೇಡಂ ಮುಂದಿದ್ದ ನೀರಿನ ಲೋಟ ಬೀಳಿಸಿದರು. ಆಮೇಲೆ ಮಾವನವರು ಎದ್ದರು.

"ಪುಸ್ತಕ ಅನ್ನೋದು ಪೂರ್ತಿ ತೂಕದ ಸಾಮಾನು," ಅಂದರು. "ಟೀವಿಯೋರು ಅದಕ್ಕೆ ನೀರು ಬೆರೆಸಿದ್ರು, ಬಣ್ಣ ಹಾಕಿದ್ರು, ಹೋಗಲಿ ಬಿಟ್ಟೆ. ಆದ್ರೆ ಗುರುಗಳು ಸೇತುವೆ ಮೇಲಿಂದ ಎದ್ದು, ರಾಕ್ಷಸರ ಸಂತೆಗೆ ಹೋಗಿ, ಸುಳ್ಳು ತಳದ ಸೇರು ಹಿಡಿದರಲ್ಲ, ಅಷ್ಟು ದೊಡ್ಡ ಭಾಗವನ್ನೇ ನುಂಗಿ ಹಾಕಿದ್ದಾರೆ!"

ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. "ಯಾವ ಸಂತೆ? ಯಾವ ಸಂಪುಟ ತಾತ?"

"ಮೂರರ ಕೊನೆ. ನಾಲ್ಕು. ಐದು ಪೂರ್ತಿ."

ಅವರು ನಗಲಿಲ್ಲ ನೋಡಿ, ಅದೇ ಆಶ್ಚರ್ಯ. ಒಬ್ಬೊಬ್ಬರ ಮುಖವೂ ಮಿನುಗತೊಡಗಿತು. "ನಮಗೆ ಸಿಗದ ಪ್ರತಿ ಇರಬೇಕು ಕಣೋ! ಹೇಳಿ ತಾತ, ಹೇಳಿ!" ಮಾವನವರು ಹೇಳಿದರು. ಸೇರನ್ನು ಹೇಗೆ ತಟ್ಟಿ ನೋಡಿದರು, ರಾಕ್ಷಸ ಹೇಗೆ ಬೆಪ್ಪಾದ, ಎಲ್ಲ. ಜನ ಚಪ್ಪಾಳೆ ತಟ್ಟಿದರು. ಅಳಿಯ ಒಂದು ಗಳಿಗೆ ಬದುಕಿದೆ ಅಂದುಕೊಂಡ.

"ಸಾಕ್ಷಿ!" ಅಂತ ಎದ್ದರು ವಕೀಲರು. ಅವರಿಗೆ ಯಾರೋ ಎಲ್ಲವನ್ನೂ ಬರೆದು ತೋರಿಸಿದ್ದರು. "ಪುಸ್ತಕ ತರಿಸಿ!"

ಮೇಡಂ ವಾಚನಾಲಯದ ಮೂರನೇ ಸಂಪುಟ ತಂದುಕೊಟ್ಟರು. ವಕೀಲರು ಕನ್ನಡಕ ಏರಿಸಿ, ಕೋರ್ಟಿನ ದನಿಯಲ್ಲಿ ಓದಿದರು. "ಗುರುಗಳು ಮಗುವೇ ಅಂದರು. ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ."

"ಅದು ಕಳಪೆ ಪ್ರತಿ!" ಅಂದರು ಮಾವನವರು. "ನಮ್ಮನೆ ಪುಸ್ತಕ ತೆಗೆಯಮ್ಮ ಮೊಮ್ಮಗಳೇ. ಅದರಲ್ಲಿ ಏನಿದೆ ಹೇಳು."

ಹುಡುಗಿ ಚೀಲದಿಂದ ಪುಸ್ತಕ ತೆಗೆದಳು. ಅಳಿಯನ ಮುಖ ನೋಡಿದಳು. ತುಟಿ ಕಚ್ಚಿದಳು. "ಸತ್ತಿದ್ದಾರೆ ತಾತ."

"ಸಂತೆ?"

"ಇಲ್ಲ."

"ಸುಳ್ಳು ತಳದ ಸೇರು?"

"ಅದೂ ಇಲ್ಲ ತಾತ."

ಅಳಿಯ ಎದ್ದು ನಿಂತ. "ಮಾವ, ಅದೆಲ್ಲ ನಾನೇ ಕಟ್ಟಿ ಹೇಳಿದ್ದು. ನೀವು ಅಳಬಾರದು ಅಂತ."

ಮಾವನವರು ಸಿಟ್ಟಾಗುತ್ತಾರೆ ಅಂತ ಎಲ್ಲರೂ ಕಾದರು. ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇವನು ಕಟ್ಟಿದ್ದಾ! ಚೀಟಿ ಕಳೆದುಹೋದ್ರೆ ಬಸ್ಸನ್ನೇ ಬಿಡದೆ ನಿಲ್ಲಿಸೋ ಮನುಷ್ಯ! ಒಂದು ಸುಳ್ಳನ್ನ ನೆಟ್ಟಗೆ ಹೇಳೋಕೆ ಬರಲ್ಲ, ಅಷ್ಟು ದೊಡ್ಡ ಸಂತೆ ಕಟ್ತಾನಾ? ಎಲ್ಲೋ ಬೇರೆ ಪುಸ್ತಕ ಓದಿದಾನೆ, ಯಾವುದು ಅಂತ ಮರೆತಿದಾನೆ." ಆಮೇಲೆ ನಗು ನಿಲ್ಲಿಸಿ, ತಲೆಯನ್ನು ಮಗಳಿದ್ದ ಕಡೆಗೆ ತಿರುಗಿಸಿ ಹೇಳಿದರು. "ಕೂತ್ಕೊಳ್ಳೋಕೆ ನಿನ್ನ ಗಂಡನಿಗೆ ಹೇಳಮ್ಮ."

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಅಳಿಯ ಕೂತುಕೊಳ್ಳಲಿಕ್ಕೆ ಹೊರಟ. ಆದರೆ ವಕೀಲರು ಬಿಡಬೇಕಲ್ಲ!

"ತಡೀರಿ! ಇವನೇ ಕಟ್ಟಿದ್ದು ಅಂದ್ರೆ ಮುಂದಕ್ಕೂ ಕಟ್ಟಲಿ. ಇಲ್ಲೇ. ಪುಸ್ತಕ ಇಲ್ಲದೆ!"

"ಹೌದು, ಹೇಳಿ ಅಂಕಲ್!" ಅಂದವು ನೀಲಿ ತಲೆಗಳು.

ಅಳಿಯನ ಕೈ ತನ್ನಷ್ಟಕ್ಕೇ ಜೇಬಿನಲ್ಲಿ ಚೀಟಿ ಹುಡುಕಿತು. ಏನೂ ಇರಲಿಲ್ಲ. ತೊಡೆಯ ಮೇಲೆ ತೆರೆದಿಡಲಿಕ್ಕೂ ಏನೂ ಇರಲಿಲ್ಲ. ಸಭೆ ಕಾದಿತ್ತು. ಹೆಂಡತಿ ಮೊಣಕೈಯಿಂದ ತಿವಿದಳು.

"ಗಮನಿಸಿ," ಅಂದ ಅಳಿಯ. ದನಿ ಕೀರಲಾಗಿತ್ತು. "ಗುರುಗಳೂ ಹುಡುಗನೂ ರಾಕ್ಷಸರಾಜನ ಅರಮನೆ ಬಾಗಿಲಿಗೆ ಬಂದಿದ್ದಾರೆ. ಅಲ್ಲೊಂದು ದೊಡ್ಡ ತಕ್ಕಡಿ. ಒಳಗೆ ಹೋಗೋರನ್ನ ಮೊದಲು ತೂಗ್ತಾರೆ. ತೂಕ ಬಂದ್ರೆ ಒಳಗೆ. ಇಲ್ಲದಿದ್ರೆ ಇಲ್ಲ. ಹುಡುಗ ಬಲಗಡೆ ತಟ್ಟೆಗೆ ಹತ್ತಿದ. ಎಡಗಡೆ ಬರೀ ಒಂದು ಹಕ್ಕಿಗರಿ ಇಟ್ಟರು. ಗರಿ ಕೆಳಗೆ ಹೋಯ್ತು. ಹುಡುಗ ಮೇಲಕ್ಕೆ ಬಂದ. ಸುತ್ತ ನಿಂತ ರಾಕ್ಷಸರೆಲ್ಲ ನಕ್ಕರು, ಇವನು ಗರಿಗಿಂತ ಹಗುರ ಅಂತ. ಹುಡುಗ ತಲೆ ತಗ್ಗಿಸಿದ. ಗುರುಗಳು ಮಾತ್ರ ನಗಲಿಲ್ಲ. ಬಗ್ಗಿ ಗರಿಯಿದ್ದ ತಟ್ಟೆಯ ಕೆಳಗೆ ನೋಡಿದರು..."

ಅಲ್ಲಿಗೆ ನಿಂತಿತು. ಗುರುಗಳಿಗೆ ಏನು ಕಂಡಿತು ಅಂತ ಹೇಳುವವನಿಗೇ ಗೊತ್ತಿರಲಿಲ್ಲ.

"ಅಯಸ್ಕಾಂತ!" ಕೂಗಿದರು ಮಾವನವರು, ಕುರ್ಚಿಯಿಂದ ಅರ್ಧ ಎದ್ದು. "ತಟ್ಟೆ ಕೆಳಗೆ ಅಯಸ್ಕಾಂತ ಇಟ್ಟಿರ್ತಾರೆ ಕಳ್ಳರು! ಎಷ್ಟು ಜನರನ್ನ ಹಿಡಿದಿಲ್ಲ ನಾನು!"

ಅಳಿಯ ಮೂರು ಸಲ ಬಾಯಿ ತೆರೆದು ಮುಚ್ಚಿದ ಅಂತ ಆಮೇಲೆ ಕಂಡವರು ಹೇಳಿದರು. ಮಾವನವರು ಕುರ್ಚಿಯ ತುದಿಗೆ ಬಂದಿದ್ದರು.

"ಆಮೇಲೆ ಏನಾಯ್ತು ಅಂತ ನಿನ್ನ ಗಂಡನನ್ನ ಕೇಳಮ್ಮ," ಅಂದರು.

ಮಗಳು ಸೀರೆಯ ಸೆರಗು ಸರಿಮಾಡಿಕೊಂಡಳು. ಔಷಧಿ ಅಂಗಡಿಯಲ್ಲಿ ದಿನವಿಡೀ ಮಂದಿಯ ಚೀಟಿಯನ್ನು ಮಂದಿಗೆ ಓದಿ ಹೇಳಿ, ಮನೆಗೆ ಬಂದರೆ ಅಪ್ಪನ ಮಾತು ಗಂಡನಿಗೆ, ಗಂಡನ ಮಾತು ಅಪ್ಪನಿಗೆ ಹೊತ್ತವಳು.

"ನನಗೇನೂ ತಿಳ್ಕೊಳ್ಳೋದು ಇಲ್ಲಪ್ಪ," ಅಂದಳು. "ಯಾರಿಗೆ ಬೇಕೋ ಅವರು ಕೇಳ್ಲಿ."

ಮಾವನವರು ಮೊಮ್ಮಗಳ ಕಡೆ ತಿರುಗಿದರು. "ನೀನಾದರೂ ಕೇಳು ಪುಟ್ಟಿ."

"ಮೂಲದಲ್ಲಿ ಇಲ್ಲದ್ದನ್ನ ನಾನು ಕೇಳಲ್ಲ ತಾತ."

"ಏನಾಯ್ತೋ ಏನೋ ಆಮೇಲೆ," ಅಂದರು ಗೋಡೆಗೆ. ವಾಚನಾಲಯದ ಗೋಡೆಗೆ ಅವರ ಪರಿಚಯವಿರಲಿಲ್ಲ, ಸುಮ್ಮನಿತ್ತು. ವಕೀಲರು ಮಾತ್ರ, "ಏನು? ಏನಾಯ್ತಂತೆ?" ಅಂತ ಎಲ್ಲರ ಮುಖ ನೋಡುತ್ತಿದ್ದರು.

ಹುಡುಗ ಇನ್ನೂ ತಕ್ಕಡಿಯ ಮೇಲೇ ಇದ್ದ. ಅದನ್ನು ಸಹಿಸುವುದು ಮಾವನವರಿಂದ ಆಗದ ಕೆಲಸ. ತಪ್ಪು ತಕ್ಕಡಿಯ ಮುಂದಿಂದ ಸುಮ್ಮನೆ ಎದ್ದು ಬಂದ ದಿನ ಅವರ ನೌಕರಿಯಲ್ಲೇ ಇಲ್ಲ. ಗಂಟಲು ಸರಿಮಾಡಿಕೊಂಡರು. ಮತ್ತೊಂದು ಸಲ ಸರಿಮಾಡಿಕೊಂಡರು.

"ಅಳಿಯಂದಿರೇ," ಅಂದರು. "ಆಮೇಲೆ?"

"ಗುರುಗಳು ತಕ್ಕಡಿ ಜಪ್ತಿ ಮಾಡಿದರು ಮಾವ."

"ಮಾಡಲೇಬೇಕು! ಹುಡುಗ?"

"ಬೇರೆ ತಕ್ಕಡಿ ತರಿಸಿ ಮತ್ತೆ ತೂಗಿದರು."

"ಎಷ್ಟು ಬಂತು?"

ಅಳಿಯ ಯೋಚಿಸಿದ. "ಅದನ್ನ ಇನ್ಸ್‌ಪೆಕ್ಟರು ಹೇಳಬೇಕು ಮಾವ. ನನಗೆ ಅಧಿಕಾರ ಇಲ್ಲ."

ಮಾವನವರು ಸೇರು ತಟ್ಟಿ ನೋಡುವ ಹಾಗೆ ಕುರ್ಚಿಯ ಹಿಡಿಯನ್ನು ಎರಡು ಸಲ ತಟ್ಟಿದರು. "ಸರಿಯಾಗೇ ಇದ್ದಾನೆ ಅಂತ ಹೇಳಿ," ಅಂದರು ಕೊನೆಗೆ. "ತಕ್ಕಡೀನೇ ಮೋಸದ್ದು ಇತ್ತು."

ಅಷ್ಟು ಹೇಳಿ ಪಟ್ಟಿಯ ಕೆಳಗೆ ಬೆರಳು ಹಾಕಲು ಹೋದರು. ಮಗಳು ಎದ್ದು ಓಡಿಬಂದು ಕೈ ಹಿಡಿದುಕೊಂಡಳು. "ಅಪ್ಪ! ಹೊಲಿಗೆ!"

"ನೆಗಡಿ ಕಣೇ," ಅಂದರು ಮಾವನವರು.

ಮಾಂಗಾ ಮೇಲೋ, ಆನಿಮೆ ಮೇಲೋ ಎಂಬುದನ್ನು ಆ ಸಭೆ ತೀರ್ಮಾನ ಮಾಡಲೇ ಇಲ್ಲ. ಮೇಡಂ ವಂದನಾರ್ಪಣೆ ಮಾಡುವಷ್ಟರಲ್ಲಿ ಎಲ್ಲರೂ ಅಳಿಯನನ್ನು ಸುತ್ತಿಕೊಂಡು ಅರಮನೆಯ ಒಳಗೆ ಏನಿತ್ತು ಅಂತ ಕೇಳುತ್ತಿದ್ದರು.

ಮಂಗಳವಾರ ಪಟ್ಟಿ ಬಿಚ್ಚಿದರು. ಅತ್ತಿದ್ದಕ್ಕೆ ಹೊಲಿಗೆಗೇನೂ ಆಗಿರಲಿಲ್ಲ. ಡಾಕ್ಟರು ಸುಮ್ಮನೆ ಹೆದರಿಸಿದ್ದರು ಅಂತ ಕಾಣುತ್ತದೆ. ಹೊಸ ಕನ್ನಡಕ ಬಂದದ್ದೇ ಮಾವನವರು ಮೂರನೇ ಸಂಪುಟ ತರಿಸಿಕೊಂಡು ಸೇತುವೆಯ ಪುಟ ತೆರೆದರು. ಮೊದಲ ಸಲ ಗುರುಗಳ ಮುಖ ನೋಡಿದರು.

"ಇವನಾ?" ಅಂದರು. "ಕಡ್ಡಿ ಹಾಗಿದ್ದಾನಲ್ರೀ! ನಮ್ಮ ಗುರುಗಳು ದಪ್ಪ."

ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕಣ್ಣೆರಡನ್ನೂ ಮುಚ್ಚಿಕೊಂಡು ದಿಂಬಿಗೆ ಒರಗಿ, "ಹೂಂ, ಹೇಳಿ ಅಳಿಯಂದಿರೇ," ಅಂದರು.

ಆ ವಾರವೆಲ್ಲ ಮೊಮ್ಮಗಳು ಮುಖ ಊದಿಸಿಕೊಂಡೇ ಇದ್ದಳು. ಇದು ಮಾಂಗಾನೂ ಅಲ್ಲ, ಆನಿಮೆಯೂ ಅಲ್ಲ, ಇದಕ್ಕೆ ಹೆಸರೇ ಇಲ್ಲ, ಇಂಥದ್ದನ್ನು ಕೇಳುವುದೇ ಪಾಪ ಅನ್ನುತ್ತಾ, ಕತೆ ಶುರುವಾದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಪೂರ್ತಿ ಹಾಕುತ್ತಿರಲಿಲ್ಲ, ಒಂದು ಬೆರಳು ಸಂದಿ ಬಿಡುತ್ತಿದ್ದಳು. ಶನಿವಾರ ಬೆಳಗಿನ ಬಸ್ಸಿಗೆ ಅವಳು ಊರಿಗೆ ಹೊರಡಬೇಕಿತ್ತು. ಅವತ್ತು ಅಳಿಯನಿಗೆ ರಜೆ, ಕತೆ ಬೆಳಿಗ್ಗೆಯೇ ಶುರುವಾಗಿತ್ತು. ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ, ಹೆಗಲಿಗೇರಿಸಿ, ಚಪ್ಪಲಿಯನ್ನೂ ಮೆಟ್ಟಿಕೊಂಡು ಬಾಗಿಲವರೆಗೆ ಬಂದವಳು, ಗುರುಗಳು ಅರಮನೆಯ ಕಣಜದ ಬೀಗ ಒಡೆಯುತ್ತಿದ್ದಾರೆ ಅಂತ ಅಲ್ಲೇ ಒಂದು ನಿಮಿಷ ನಿಂತಳು.

ಅವಳು ಹೊರಟದ್ದು ಶನಿವಾರವೇ. ಸಂಜೆಯ ಬಸ್ಸಿಗೆ.